ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿಯಲ್ಲ

"ತೂಕ ಮತ್ತು ಶುದ್ಧತೆ ಸರಿ ಬಂದರೆ 20 ಡಾಲರಿನ ಡಬಲ್ ಈಗಲ್ (ಅಮೆರಿಕದ ಹಳೆಯ ಚಿನ್ನದ ನಾಣ್ಯ) ಅಸಲಿಯೇ" ಎಂದು ಲೇಖನವೊಂದು ಹೇಳುವ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ಅಸಲಿಯ ಲೆಕ್ಕ: 33.436 ಗ್ರಾಂ ತೂಕ, 34 ಮಿ.ಮೀ. ವ್ಯಾಸ, 90% ಚಿನ್ನ (ಅಂದರೆ 21.6 ಕ್ಯಾರೆಟ್, ನಮ್ಮ 916ಕ್ಕಿಂತ ತುಸು ಕಡಿಮೆ), ನೀರಿನಲ್ಲಿ ತೂಗಿದಾಗ ಸಾಂದ್ರತೆ ಸುಮಾರು 17.2. ಇವೆಲ್ಲ ಚಿನ್ನದ ಲೇಪದ ಹಿತ್ತಾಳೆಯನ್ನು ಹಿಡಿಯುತ್ತವೆ, ಅಷ್ಟೇ. ಕಳೆದ ಶತಮಾನದ 60–70ರ ದಶಕಗಳಲ್ಲಿ ಲೆಬನಾನಿನಲ್ಲಿ ಸರಿಯಾದ ಚಿನ್ನದಲ್ಲೇ ನಕಲಿ ಅಚ್ಚಾದವು. ಅಕ್ಕಸಾಲಿಗನ ಯಂತ್ರ ಅವನ್ನು ಪಾಸು ಮಾಡುತ್ತದೆ.

ನೋಡಬೇಕಾದ್ದು ಮೇಲ್ಮೈ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ, ಓರೆ ಬೆಳಕಿನಡಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಅಸಲಿಯ ಪೆಟ್ಟಿನ ಗುರುತಿನ ತಳ ಹೊಳೆಯುತ್ತದೆ, ಅಂಚು ಚೂಪಾಗಿರುತ್ತದೆ. ಅಸಲಿ ನಾಣ್ಯದಿಂದ ತೆಗೆದ ನಕಲಿ ಅಚ್ಚಿಗೆ ಆ ನಾಣ್ಯದ ಪೆಟ್ಟಿನ ಗುಳಿಗಳೂ ಇಳಿದಿರುವುದರಿಂದ, ನಕಲಿಯಲ್ಲಿ ಅವು ಮಂಕಾಗಿ, ಅಂಚು ದುಂಡಾಗಿ ಕಾಣುತ್ತವೆ. ಅದೇ ಅಚ್ಚಿನ ಎಲ್ಲ ನಾಣ್ಯಗಳಲ್ಲೂ ಅದೇ ಜಾಗದಲ್ಲಿರುತ್ತವೆ. ಅಚ್ಚನ್ನು ತಿದ್ದಿದ ಉಬ್ಬು ಗೀರುಗಳು ನಾಣ್ಯದ ಅಂಚಿನ ಬಳಿ ಸಿಗುತ್ತವೆ.

ಇನ್ನೊಂದು ಮೋಸ ನಾಣ್ಯ ಯಾವ ಟಂಕಸಾಲೆಯದ್ದೆಂದು ಸೂಚಿಸುವ ಅಕ್ಷರದ್ದು. 1927ರ ಫಿಲಡೆಲ್ಫಿಯಾ ನಾಣ್ಯ ಧಾರಾಳ, ಬೆಲೆ ಹೆಚ್ಚುಕಡಿಮೆ ಚಿನ್ನದ ದರವನ್ನೇ ಹಿಂಬಾಲಿಸುತ್ತದೆ. ಅದೇ ವರ್ಷದ ಡೆನ್ವರ್ ನಾಣ್ಯ ಅತಿ ವಿರಳ. ಆದ್ದರಿಂದ ಫಿಲಡೆಲ್ಫಿಯಾ ನಾಣ್ಯದಲ್ಲಿ ಇಸವಿಯ ಮೇಲ್ಗಡೆ ಡೆನ್ವರಿನ 'ಡಿ' ಅಂಟಿಸುತ್ತಾರೆ. ಅಕ್ಷರದ ಬುಡದಲ್ಲಿ ಬೆಸುಗೆಯ ಗೆರೆ ಹುಡುಕಿ. ವಿರಳ ಇಸವಿಯದ್ದಾದರೆ ಪಿಸಿಜಿಎಸ್ ಅಥವಾ ಎನ್‌ಜಿಸಿ (ನಾಣ್ಯ ಪರೀಕ್ಷಿಸಿ ಸಂಖ್ಯೆಯುಳ್ಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳು) ಪೆಟ್ಟಿಗೆಯಲ್ಲಿದ್ದರಷ್ಟೇ ಕೊಳ್ಳಿ, ಪೆಟ್ಟಿಗೆಯ ಸಂಖ್ಯೆಯನ್ನು ಅವರ ಜಾಲತಾಣದ ಚಿತ್ರದೊಂದಿಗೆ ಹೋಲಿಸಿ, ಏಕೆಂದರೆ ಪೆಟ್ಟಿಗೆಗಳೂ ನಕಲಿಯಾಗುತ್ತವೆ.