ಕಸ ಸುರಿಯುವ ಹಬ್ಬಕ್ಕೆ ಒಬ್ಬಟ್ಟು ಮಾಡಬೇಕಾ?

ದೀಪಾವಳಿಯ ಪಟಾಕಿ ಕಾಗದ ಇನ್ನೂ ಮೋರಿಯಲ್ಲೇ ಇತ್ತು. ರಾಜ್ಯೋತ್ಸವಕ್ಕೆ ಎರಡು ದಿನ ಬಾಕಿ. ನಡುವೆ ಸುಮ್ನೆ ಯಾಕೆ ಖಾಲಿ ಬಿಡುವುದು ಅಂತ 2025ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಕಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯವರು ಇನ್ನೊಂದು ಹಬ್ಬ ಮಾಡಿಬಿಟ್ಟರು. ಕಸ ಸುರಿಯುವ ಹಬ್ಬ. ಈ ಹೆಸರು ನಾನಿಟ್ಟಿದ್ದಲ್ಲ ಸ್ವಾಮಿ, ಹಬ್ಬ ಮಾಡಿದವರೇ ಇಟ್ಟಿದ್ದು.

ಕಥೆ ನಿಮಗೆಲ್ಲ ಗೊತ್ತೇ ಇದೆ. ರಸ್ತೆ ಬದಿಗೆ ಕಸ ಎಸೆದವರ ವಿಡಿಯೊ ಮಾಡಿಕೊಂಡರು, ಮನೆ ಹುಡುಕಿದರು, ಕಸ ತಂದು ಅವರ ಬಾಗಿಲಿಗೇ ಸುರಿದರು, ಮೇಲೆ ದಂಡ ಬೇರೆ ಹಾಕಿದರು. ನಮ್ಮ ಮನೆಯಲ್ಲಿ ಟಿವಿ ಮುಂದೆ ಒಂದೇ ಸಂಭ್ರಮ. "ಹೀಗೇ ಆಗ್ಬೇಕು ಇವರಿಗೆ! ಸಿವಿಕ್ ಸೆನ್ಸ್ ಅನ್ನೋದೇ ಇಲ್ಲ" ಅಂದರು ನಮ್ಮ ಯಜಮಾನರು. ಹಾಗೆನ್ನುತ್ತಲೇ ಕೈಯಲ್ಲಿದ್ದ ಖಾಲಿ ಹಾಲಿನ ಪ್ಯಾಕೆಟ್ಟನ್ನು ಹಸಿ ಕಸದ ಬುಟ್ಟಿಗೆ ಹಾಕಿ ಹೋದರು.

ಅತ್ತೆಯವರಿಗೆ ಮಾತ್ರ ಗೊಂದಲ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ ಬಂದರು. "ಇದರಲ್ಲಿ ಹಾಕೇ ಇಲ್ವಲ್ಲಮ್ಮ. ಒಬ್ಬಟ್ಟು ಗಿಬ್ಬಟ್ಟು ಮಾಡೋದೇನಾದ್ರೂ ಇದೆಯಾ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹಬ್ಬ ಅಂತ ಯಾರು ಸಾರಿದರೂ ಕೆಲಸ ಬೀಳುವುದು ಅಡುಗೆಮನೆಗೆ. ಯುಗಾದಿಗೆ ಬೇಳೆ ಬೇಯಿಸಬೇಕು, ಗೌರಿ ಹಬ್ಬಕ್ಕೆ ಬಾಗಿನ ಜೋಡಿಸಬೇಕು, ಆಯುಧ ಪೂಜೆಗೆ ಗಂಡನ ಬೈಕಿನ ಮಡ್‌ಗಾರ್ಡ್ ಕೂಡ ನಾನೇ ಒರೆಸಬೇಕು. ಈಗ ಸರ್ಕಾರವೇ ಒಂದು ಹಬ್ಬ ತಂದು ಬಾಗಿಲಿಗೆ ಇಳಿಸಿದೆ. ಇಳಿಸಿದ ಮೇಲೆ ಪೊರಕೆ ಹಿಡಿದು ಹೊರಗೆ ಬರುವವರು ಯಾರು? ರಸ್ತೆಗೆ ಎಸೆದವನು ಬೈಕ್ ಹತ್ತಿ ಆಗಲೇ ಆಫೀಸಿಗೆ ಹೋಗಿರುತ್ತಾನೆ.

ಆದರೂ ಹೊಗಳಬೇಕು. 2024ರಲ್ಲಿ 'ಬಾಗಿಲಿಗೆ ಬಂತು ಸರ್ಕಾರ' ಅಂತ ಒಂದು ಕಾರ್ಯಕ್ರಮ ಮಾಡಿದ್ದರು, ನೆನಪಿದೆಯಾ? ಬರುವಾಗ ಕೈಯಲ್ಲಿ ಏನು ತರುತ್ತದೆ ಅಂತ ಆಗ ಹೇಳಿರಲಿಲ್ಲ. ಖಾತಾ ಬಾಗಿಲಿಗೆ ಬರಲಿಲ್ಲ, ಬೇಸಿಗೆಯಲ್ಲಿ ನೀರೂ ಬರಲಿಲ್ಲ, ಕಸ ಬಂತು. ಅದೂ ಎಂಥ ಚುರುಕು! ಒಂದು ಪುಟ್ಟ ವಿಡಿಯೊ ನೋಡಿ, ಇಷ್ಟು ದೊಡ್ಡ ಊರಲ್ಲಿ, ಸರಿಯಾದ ಮನೆ ಹುಡುಕಿದ್ದಾರೆ. ಬೀದಿಯಲ್ಲಿ ಪೈಪ್ ಒಡೆದಿದೆ ಅಂತ ಫೋನ್ ಮಾಡಿ ನೋಡಿ. "ಲ್ಯಾಂಡ್‌ಮಾರ್ಕ್ ಹೇಳಿ ಮೇಡಂ" ಅನ್ನುತ್ತಾರೆ. ದೇವಸ್ಥಾನದ ಪಕ್ಕ ಅಂದರೆ ಯಾವ ದೇವಸ್ಥಾನ ಅನ್ನುತ್ತಾರೆ. ಕೊನೆಗೆ "ಅದು ನಮ್ಮ ಲಿಮಿಟ್‌ಗೆ ಬರಲ್ಲ" ಅನ್ನುತ್ತಾರೆ. ಇಂಥ ಊರಿನಲ್ಲಿ ಕಸದ ವಿಳಾಸ ಮಾತ್ರ ಒಂದು ಚೂರೂ ತಪ್ಪಲಿಲ್ಲ.

ಕಸ ವಿಂಗಡಿಸುವುದು ನಮಗೆ ಹೊಸದೇನಲ್ಲ. 2012ರಿಂದಲೇ ಕಡ್ಡಾಯ. 2015ರಲ್ಲಿ ಹೈಕೋರ್ಟೇ ಹೇಳಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್ ಪ್ಯಾಡ್‌ಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ಸುತ್ತೋಲೆಗಳಲ್ಲಿ ಯಾವಾಗಲೂ 'ನಾಗರಿಕರು ಕಸ ವಿಂಗಡಿಸಿ ಕೊಡತಕ್ಕದ್ದು' ಅಂತಲೇ ಇರುತ್ತದೆ. ನಮ್ಮ ಮನೆಯಲ್ಲಿ ನಾಗರಿಕರು ಅಂದರೆ ನಾನು. ಉಳಿದವರೆಲ್ಲ ಜನಸಂಖ್ಯೆ.

ಈ ನಾಗರಿಕರ ಕೆಲಸ ಏನೇನು ಅಂತ ಸ್ವಲ್ಪ ಕೇಳಿ. ಹಾಲಿನ ಪ್ಯಾಕೆಟ್ ತೊಳೆದು ಕಿಟಕಿ ಸರಳಿಗೆ ಒಣಗಲು ಸಿಕ್ಕಿಸುವುದು. ಕತ್ತರಿಸುವಾಗ ಮೂಲೆಯ ಆ ಪುಟ್ಟ ತ್ರಿಕೋನ ತುಂಡು ಬೀಳದಂತೆ ನೋಡಿಕೊಳ್ಳುವುದು, ಯಾಕೆಂದರೆ ಬಿದ್ದರೆ ಅದು ಸಿಂಕಿನ ಜಾಲರಿಗೆ ಅಂಟಿಕೊಂಡು ಕೂರುತ್ತದೆ, ಉಗುರಿನಲ್ಲಿ ಕೆರೆದು ತೆಗೆಯಬೇಕು. ಪ್ಯಾಡನ್ನು ಪೇಪರ್‌ನಲ್ಲಿ ಸುತ್ತಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು. ತೆಂಗಿನ ಚಿಪ್ಪು ಹಸಿಯೋ ಒಣವೋ ಅಂತ ಯೋಚಿಸುವುದು. "ಅಮ್ಮಾ, ಪಿಜ್ಜಾ ಡಬ್ಬ ಎಲ್ಲಿ ಹಾಕ್ಲಿ?" ಅಂತ ರೂಮಿನಿಂದ ಕೂಗಿದವರಿಗೆ ಉತ್ತರ ಕೊಡುವುದು. ಉತ್ತರ ಕೊಟ್ಟ ಮೇಲೂ ಡಬ್ಬ ಊಟದ ಮೇಜಿನ ಮೇಲೇ ಇರುತ್ತದೆ.

ಇಷ್ಟೆಲ್ಲ ಮಾಡಿ ಮೂರು ಭಾಗ ಹಿಡಿದು ಗೇಟಿನ ಹತ್ತಿರ ನಿಂತರೆ ಗಾಡಿ ಬರಬೇಕಲ್ಲ? ಎರಡು ಬೀದಿ ಆಚೆ ಮೈಕ್ ಹಾಡುತ್ತಿರುತ್ತದೆ. ಬಂತು ಅಂತ ಓಡಿ ಬಂದರೆ ಸದ್ದು ದೂರ ಹೋಗುತ್ತಿರುತ್ತದೆ. ಮಗಳ ಸ್ಕೂಲ್ ವ್ಯಾನ್ ಬರುವ ಹೊತ್ತಿಗೇ ಗಾಡಿಯೂ ಬಂದರೆ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬುಟ್ಟಿ. ಯಾವುದನ್ನು ಯಾವುದಕ್ಕೆ ಹತ್ತಿಸುತ್ತಿದ್ದೇನೆ ಅಂತ ನೋಡಿಕೊಂಡು ಹತ್ತಿಸಬೇಕು. ಎದುರು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಏಳಕ್ಕೆ ಕ್ಯಾಬ್ ಹತ್ತುತ್ತಾರೆ. ಅವರ ಕಸ ಕೊಡುವವರು ಯಾರು? ಮೂರು ದಿನದ ಮೀನಿನ ಸಿಪ್ಪೆಯನ್ನು ಮನೆಯೊಳಗೇ ಇಟ್ಟುಕೊಳ್ಳುವ ದೇಶಭಕ್ತಿ ನನಗೂ ಇಲ್ಲ. ರಸ್ತೆಗೆ ಎಸೆಯುವುದು ತಪ್ಪೇ. ಆದರೆ ಎಸೆದವರ ವಿಡಿಯೊ ಇದೆ, ಬಾರದೇ ಹೋದ ಗಾಡಿಯ ವಿಡಿಯೊ ಇಲ್ಲ. ಬಾರದ ಗಾಡಿಯ ವಿಡಿಯೊ ಮಾಡುವುದಾದರೂ ಹೇಗೆ ಹೇಳಿ.

ಕಸದ ಮಾತು ಬಂದ ಮೇಲೆ ಶಾಲೆಯ ಮಾತು ಬರಲೇಬೇಕು. ಅಮ್ಮಂದಿರಿಗೆ ಆಗಲೇ ಗೊತ್ತಾಗಿರುತ್ತದೆ ನಾನು ಏನು ಹೇಳಲು ಹೊರಟಿದ್ದೇನೆ ಅಂತ. ರಾತ್ರಿ ಒಂಬತ್ತೂವರೆಗೆ ಶಾಲೆಯ ಗ್ರೂಪ್‌ನಲ್ಲಿ ಮೆಸೇಜ್ ಬರುತ್ತದೆ. 'ಡಿಯರ್ ಪೇರೆಂಟ್ಸ್, ನಾಳೆ ಮಕ್ಕಳು ಬೆಸ್ಟ್ ಔಟ್ ಆಫ್ ವೇಸ್ಟ್ ಮಾಡೆಲ್ ತರಬೇಕು.' ಮನೆ ತುಂಬ ವೇಸ್ಟ್ ಇದೆಯಲ್ಲ ಅಂತ ಖುಷಿಪಡಬೇಡಿ. ಅದು ನಡೆಯುವುದಿಲ್ಲ. ಶಾಲೆಗೆ ಬೇಕಾದ ವೇಸ್ಟ್ ಬೇರೆಯೇ ದರ್ಜೆಯದು. ಐಸ್‌ಕ್ರೀಮ್ ಕಡ್ಡಿ ಐವತ್ತು ಬೇಕು. ಅಷ್ಟು ಐಸ್‌ಕ್ರೀಮ್ ತಿಂದರೆ ನನ್ನ ಮಗಳಿಗೆ ಯುಗಾದಿವರೆಗೂ ಶೀತ ಬಿಡುವುದಿಲ್ಲ. ಹಾಗಾಗಿ ಸ್ಟೇಷನರಿ ಅಂಗಡಿಗೆ ಓಟ. ಯಾರೂ ನೆಕ್ಕದ ಹೊಚ್ಚ ಹೊಸ ಕಡ್ಡಿ ಅಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಹಳೇ ಸಿ.ಡಿ. ತನ್ನಿ ಅಂದಿದ್ದರು. ಮಗಳು "ಸಿ.ಡಿ. ಅಂದ್ರೆ ಏನಮ್ಮಾ?" ಅಂದಳು. ಅಂಗಡಿಯಲ್ಲಿ ಹೊಸ ಸಿ.ಡಿ. ಇತ್ತು. ಬೇರೆ ಯಾರೂ ಕೊಳ್ಳದ ಆ ಸಿ.ಡಿ.ಗಳನ್ನು ಶಾಲೆಗಳನ್ನೇ ನಂಬಿಕೊಂಡು ತರಿಸುತ್ತಾರಂತೆ. ನನ್ನ ಹಿಂದೆಯೇ ಇನ್ನೂ ನಾಲ್ಕು ಅಮ್ಮಂದಿರು ಏದುಸಿರು ಬಿಡುತ್ತ ಬಂದರು. ಶಟರ್ ಅರ್ಧ ಎಳೆದಿದ್ದ ಅಂಗಡಿಯವರು ನಮ್ಮ ಮುಖ ನೋಡಿದವರೇ "ವೇಸ್ಟಾ ಮೇಡಂ?" ಅಂತ ಕೇಳಿ ಒಬ್ಬೊಬ್ಬರಿಗೂ ಒಂದೊಂದು ಸೆಟ್ ಕಟ್ಟಿಕೊಟ್ಟರು. ಕಡ್ಡಿ, ಸಿ.ಡಿ., ಥರ್ಮಾಕೋಲ್, ಹತ್ತಿ, ಮಿಂಚಿನ ಪುಡಿ, ಒಂದು ಪುಟ್ಟ ಬ್ಯಾಟರಿ ಬಲ್ಬ್. ಎಲ್ಲಾ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ.

ನಮ್ಮ ಮಾಡೆಲ್ ಹೆಸರು 'ಕಸಮುಕ್ತ ಬೆಂಗಳೂರು'. ಮಗಳು ಒಂದು ಮರ ಅಂಟಿಸಿ ನಿದ್ದೆಹೋದಳು. ಉಳಿದ ಬೆಂಗಳೂರನ್ನು ರಾತ್ರಿ ಹನ್ನೆರಡರವರೆಗೆ ನಾನು ಕಟ್ಟಿದೆ. ಕೆಂಪೇಗೌಡರ ಕಷ್ಟ ಅವತ್ತು ಅರ್ಥವಾಯಿತು. ಮೊದಲ ಬಹುಮಾನ ಬಂದಿದ್ದು ಮೋಟಾರ್ ತಿರುಗಿ, ಕಾರಂಜಿ ಚಿಮ್ಮಿ, ಲೈಟ್ ಹತ್ತುವ ಒಂದು ಮಾಡೆಲ್‌ಗೆ. ಮೂರನೇ ಕ್ಲಾಸಿನ ಆ ಮಗು ತಾನೇ ಸೋಲ್ಡರಿಂಗ್ ಕೂಡ ಮಾಡುತ್ತದಂತೆ. ದೇವರು ಒಳ್ಳೆಯದು ಮಾಡಲಿ.

ಒಂದು ವಾರಕ್ಕೆ ಮಾಡೆಲ್ ವಾಪಸ್ ಬಂತು. ಗಾಡಿಗೆ ಕೊಡಲು ಹೋದೆ. ಥರ್ಮಾಕೋಲ್‌ಗೆ ಕಡ್ಡಿ ಅಂಟಿದೆ, ಕಡ್ಡಿಗೆ ಹತ್ತಿ, ಹತ್ತಿಗೆ ಮಿಂಚು, ಒಳಗೆಲ್ಲೋ ಬ್ಯಾಟರಿ. ಹೆಲ್ಪರ್ ಹುಡುಗ ತಿರುಗಿಸಿ ನೋಡಿದ. "ಇದು ಯಾವುದಕ್ಕೂ ಬರಲ್ಲಕ್ಕ" ಅಂತ ವಾಪಸ್ ಕೊಟ್ಟ. ರಸ್ತೆಗೆ ಎಸೆಯುವ ಹಾಗಿಲ್ಲ, ಎಸೆದರೆ ಹಬ್ಬ. ಹಾಗಾಗಿ ಕಸಮುಕ್ತ ಬೆಂಗಳೂರು ಸದ್ಯಕ್ಕೆ ನಮ್ಮ ಮನೆ ಅಟ್ಟದ ಮೇಲೆ ಇದೆ.

ಶುಲ್ಕದ ವಿಷಯ ಬಿಟ್ಟೇಬಿಟ್ಟೆ ನೋಡಿ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸಕ್ಕೂ ದುಡ್ಡು. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400. ಮನೆಯ ಅಳತೆ ನೋಡಿ ಬುಟ್ಟಿಯಲ್ಲಿ ಎಷ್ಟು ಕಸ ಇದೆ ಅಂತ ಹೇಳುವ ವಿದ್ಯೆ ಇದು. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಬಂಗಲೆಯಿದೆ. ಮಕ್ಕಳು ಅಮೆರಿಕದಲ್ಲಿ, ಇಲ್ಲಿ ಅಜ್ಜ ಅಜ್ಜಿ ಇಬ್ಬರೇ. ಅವರ ಕಸ ಅಂದರೆ ಎರಡು ಬಾಳೆಹಣ್ಣಿನ ಸಿಪ್ಪೆ, ಖಾಲಿ ಮಾತ್ರೆ ಸ್ಟ್ರಿಪ್ಪು. ಸಣ್ಣ ಮನೆಯವರಿಗೆ ಕಡಿಮೆ ಇರಲಿ, ಅದಕ್ಕೆ ತಕರಾರಿಲ್ಲ. ದುಡ್ಡು ತಗೊಂಡ ಮೇಲೆ ಗಾಡಿ ಬರಬೇಕು, ಅಷ್ಟೇ ಅಲ್ವಾ?

ಮೊದಲು ಇಂಥದ್ದಕ್ಕೆಲ್ಲ ಕಾರ್ಪೊರೇಟರ್ ಮನೆ ಮುಂದೆ ನಿಂತು ಕೂಗಾಡಬಹುದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆ ಮಾಡುವುದು ಮರೆತೇ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಇದ್ದದ್ದು ಐದಾಯಿತು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಬಂತು. ಕೂಗಾಡಲು ಒಂದು ಬಾಗಿಲು ಕೇಳಿದೆವು, ಐದು ಬೋರ್ಡ್ ಕೊಟ್ಟರು.

ರಂಗೋಲಿಯ ಪ್ರಯೋಗವೂ ಆಗಿದೆ. ಜನ ಕಸ ಹಾಕುವ ಜಾಗವನ್ನು ಬ್ಲ್ಯಾಕ್ ಸ್ಪಾಟ್ ಅನ್ನುತ್ತಾರೆ. ಅಲ್ಲಿ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡಿಸಿದರೆ ಜನ ನಾಚಿಕೊಂಡು ಕಸ ಹಾಕುವುದಿಲ್ಲ ಅನ್ನುವುದು ಲೆಕ್ಕ. ನಮ್ಮ ಕಡೆಯೂ ಬಿಡಿಸಿದ್ದರು, ಚೆನ್ನಾಗಿಯೇ ಇತ್ತು. ಮರುದಿನ ನೋಡಿದರೆ ರಂಗೋಲಿ ತುಳಿಯದ ಹಾಗೆ ಬಲು ಜೋಪಾನವಾಗಿ ಪಕ್ಕದಲ್ಲಿ ಇಟ್ಟುಹೋಗಿದ್ದರು. ಸಂಸ್ಕಾರ ಇಲ್ಲ ಅಂತ ಯಾರು ಹೇಳಿದ್ದು?

ಕಸ ಎಸೆಯುವವರ ವಿಡಿಯೊ ಕಳಿಸಿದರೆ 250 ರೂಪಾಯಿ ಬಹುಮಾನ ಅನ್ನುವ ಸುದ್ದಿಯೂ ಬಂತು. ನಮ್ಮ ಬೀದಿಯ ಗ್ರೂಪ್‌ಗೆ ಹೊಸ ಜೀವ ಬಂದಿದೆ. ಇಷ್ಟು ದಿನ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಿದ್ದವರು ಈಗ ಬಾಲ್ಕನಿಯಲ್ಲಿ ಫೋನ್ ಹಿಡಿದು ಕಾಯುತ್ತಾರೆ. ನಾನು ಬುಟ್ಟಿ ಹಿಡಿದು ಗೇಟಿಗೆ ಬಂದರೆ ಮೂರು ಮನೆಯ ಪರದೆ ಅಲುಗಾಡುತ್ತದೆ.

ಆ ವಿಡಿಯೊಗಳಲ್ಲಿ ಒಂದು ಮಾತ್ರ ನನಗೆ ತಮಾಷೆ ಅನ್ನಿಸಲಿಲ್ಲ. ಬಾಗಿಲಿಗೆ ಕಸ ಸುರಿದವರು ಯಾರು? ಆದೇಶ ಹೊರಡಿಸಿದ ಸಾಹೇಬರ ಕೈಗೆ ಒಂದು ಕೊಳೆತ ಟೊಮೆಟೊ ಕೂಡ ಅಂಟಿರಲಿಕ್ಕಿಲ್ಲ. ದಿನಾ ಬೆಳಿಗ್ಗೆ ಅದನ್ನು ಎತ್ತುವ ಜನರೇ ತುಂಬಿ ತಂದು ಸುರಿಯಬೇಕು, ಟಿವಿಯವರು ಹೋದ ಮೇಲೆ ಅದನ್ನೇ ಮತ್ತೆ ಬಳಿದು ತುಂಬಬೇಕು. ಒಂದೇ ಕಸ ಎರಡೆರಡು ಸಲ. ಬಯ್ಗುಳವೂ ಅವರಿಗೇ. 2025ರ ಮೇ ದಿನ ನಗರದ 12,692 ಪೌರಕಾರ್ಮಿಕರ ಕೆಲಸ ಕಾಯಂ ಆಯಿತು, ಒಳ್ಳೆಯದಾಯಿತು, ಎಷ್ಟೋ ವರ್ಷ ಕಾದಿದ್ದರು. ಗಾಡಿಯ ಡ್ರೈವರು, ಹೆಲ್ಪರುಗಳು ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ. ನನ್ನ ಮಾಡೆಲ್ ವಾಪಸ್ ಕೊಟ್ಟ ಹುಡುಗನ ಕೈಯಲ್ಲಿ ಗ್ಲೌಸ್ ಇರಲಿಲ್ಲ.

ಮತ್ತೆ ಈ ಹಬ್ಬ ಶುರುವಾಗಿದ್ದು ಈಗ ಅಂತ ಯಾರು ಹೇಳಿದ್ದು? ನಮ್ಮ ಗೇಟಿನ ಮುಂದೆ ಅರ್ಧ ಗಂಟೆ ಕಸ ಬಿದ್ದರೆ ಅದು ನ್ಯೂಸ್. ಇಡೀ ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಊರ ಹೊರಗಿನ ಮಾವಳ್ಳಿಪುರ ಅನ್ನುವ ಹಳ್ಳಿಯವರ ಬಾಗಿಲಿಗೆ ಸುರಿದೆವು. ಅವರು ಏನು ಎಸೆದಿದ್ದರು? 2012ರಲ್ಲಿ ಅಲ್ಲಿ ಕಸ ಸುರಿಯುವ ಜಾಗ ಮುಚ್ಚಿತು, ಹೊರೆಯೆಲ್ಲ ಇನ್ನೊಂದು ಹಳ್ಳಿ ಮಂಡೂರಿನ ಮೇಲೆ ಬಿತ್ತು. ಅಲ್ಲಿನ ಜನ ಲಾರಿಗಳಿಗೆ ಅಡ್ಡ ನಿಂತು, ಜಗಳವಾಡಿ, 2014ರ ಕೊನೆಗೆ ನಿಲ್ಲಿಸಿದರು. ಈಗ ಮಿಟ್ಟಗಾನಹಳ್ಳಿ ಕಡೆಯ ಕಲ್ಲುಗಣಿ ಗುಂಡಿಗಳ ಸರದಿ. ದಿನಕ್ಕೆ 5,000 ಟನ್‌ಗೂ ಜಾಸ್ತಿ ಕಸ ಮಾಡುವ ಊರು ನಮ್ಮದು. ಅಲ್ಲೂ ಮಕ್ಕಳಿದ್ದಾರೆ, ಮಕ್ಕಳನ್ನು ನೊಣ ಓಡಿಸಿ ಮಲಗಿಸುವ ಅಮ್ಮಂದಿರಿದ್ದಾರೆ. ಕುಡಿಯುವ ನೀರು ಮೂಸಿ ನೋಡಿ ಪಾತ್ರೆಗೆ ಹಿಡಿಯುವವರ ವಿಡಿಯೊಗೆ ಯಾರೂ 250 ರೂಪಾಯಿ ಕೊಡುವುದಿಲ್ಲ. ಇದನ್ನೆಲ್ಲ ಮಾಡಿದವರು ಈಗ ಹಬ್ಬ ಅನ್ನುತ್ತಾರೆ. ನಾಚಿಕೆ ಆಗಬೇಕು. ನಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬೀದಿಗೊಂದು ಬೋರ್ಡ್ ಹಾಕಿ, ಆ ಹೊತ್ತಿಗೆ ಬನ್ನಿ. ಬೆಳಿಗ್ಗೆ ಬೇಗ ಹೊರಡುವವರಿಗೆ ಸಂಜೆ ಒಂದು ಗಾಡಿ ಬಿಡಿ. ನಾನು ಮೂರು ಮಾಡಿ ಕೊಟ್ಟಿದ್ದನ್ನು ಒಂದೇ ರಾಶಿ ಮಾಡಬೇಡಿ. ಆ ಹುಡುಗನಿಗೆ ಗ್ಲೌಸ್ ಕೊಡಿ. ಇಷ್ಟಾದ ಮೇಲೂ ರಸ್ತೆಗೆ ಎಸೆಯುವವರು ಇದ್ದೇ ಇರುತ್ತಾರೆ, ನನಗೆ ಗೊತ್ತು. ಅವರ ಬಾಗಿಲಿಗೆ ಲಾರಿಗಟ್ಟಲೆ ಸುರಿಯಿರಿ. ವಿಡಿಯೊ ನಾನೇ ಮಾಡಿಕೊಡುತ್ತೇನೆ. ದುಡ್ಡು ಬೇಡ, ಅಟ್ಟದ ಮೇಲಿರುವ ಮಾಡೆಲ್ ತೆಗೆದುಕೊಂಡು ಹೋದರೆ ಸಾಕು.