ಐನೂರು ಬ್ಲೈಂಡ್ ಮುಂದಿಟ್ಟುಕೊಂಡು ಅರ್ಧ ಪಾಟ್ ಹಾಕುವವರಿಗೆ

ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ (ಹೌದು, ನಾವು ಮಹದಾಯಿ ಅಂತ ಕರೆದು ನೀರಿಗೆ ಜಗಳಾಡುವ ಅದೇ ನದಿ) ಪೋಕರ್ ಟೇಬಲ್‌ಗೆ ಕೂತರೆ, ಆನ್‌ಲೈನ್‌ನಲ್ಲಿ ಆಟ ಕಲಿತವರು ಯಾರು ಅಂತ ಬೇಗ ಗೊತ್ತಾಗಿಬಿಡುತ್ತದೆ. ಫ್ಲಾಪ್‌ನಲ್ಲಿ (ಟೇಬಲ್ ಮೇಲೆ ಮೊದಲ ಮೂರು ಎಲೆ ತೆರೆದಾಗ) ಅರ್ಧ ಪಾಟ್, ಅಂದರೆ ನಡುವೆ ಸೇರಿರುವ ದುಡ್ಡಿನ ಅರ್ಧದಷ್ಟು ಬೆಟ್. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಮುಕ್ಕಾಲು ಪಾಟ್. ರಿವರ್ (ಐದನೇ, ಕೊನೆಯ ಎಲೆ) ಬಂದಾಗ ಏನೂ ತೋಚದೆ ಮತ್ತೆ ಅರ್ಧ ಪಾಟ್. ಮುಂದೆ ಸ್ಕ್ರೀನ್ ಇಲ್ಲ, ಆದರೂ ತಲೆಯೊಳಗೆ ಅದೇ ಬಟನ್ ಒತ್ತುತ್ತಾ ಇರುತ್ತಾರೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ಪುಣೆ, ಬೆಂಗಳೂರು, ಹುಬ್ಬಳ್ಳಿ ಹುಡುಗರು ಇಲ್ಲಿ ಜಾಸ್ತಿ ಕಾಣಿಸುತ್ತಿದ್ದಾರೆ. ಬರಲಿ, ಕನ್ನಡದಲ್ಲಿ ಹರಟೆ ಹೊಡೆಯೋಕೆ ಜನ ಸಿಗುತ್ತಾರೆ. ಆದರೆ ನೂರು ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಾಕುವ ದುಡ್ಡು, ಅದರಲ್ಲಿ ದೊಡ್ಡದೇ ಅಳತೆ) ಇಟ್ಟುಕೊಂಡು ಕಲಿತ ಅಳತೆಯನ್ನು ಐನೂರು ಬ್ಲೈಂಡ್ ಇರುವ ಕಡೆ ಹಾಗೇ ತಂದರೆ ನಡೆಯುವುದಿಲ್ಲ. ಇದು ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಳ (ಟೇಬಲ್‌ನಲ್ಲಿ 'ಡೀಪ್' ಅಂತಾರಲ್ಲ, ಅದು) ಅಂದರೆ ಏನು ಅನ್ನೋದು. ನಿಮ್ಮ ಮುಂದೆ ಎಷ್ಟು ಲಕ್ಷದ ಚಿಪ್ಸ್ ಇದೆ ಅನ್ನುವುದಲ್ಲ. ಇಬ್ಬರಲ್ಲಿ ಯಾರ ಹತ್ತಿರ ಕಡಿಮೆ ಇದೆಯೋ ಅಷ್ಟು, ಅದು ಈಗಿನ ಪಾಟ್‌ಗೆ ಎಷ್ಟು ಪಟ್ಟು. ಅಷ್ಟೇ ಲೆಕ್ಕ. ಎದುರಿಗಿರುವವನ ಹತ್ತಿರ ಬರೀ ಇಪ್ಪತ್ತು ಸಾವಿರ ಇದ್ದರೆ ನಿಮ್ಮ ಎರಡು ಲಕ್ಷ ಸುಮ್ನೆ ಶೋಕಿಗೆ.

ಇನ್ನು ಬೆಟ್ ಬೆಳೆಯುವ ರೀತಿ. ಅದು ಚಕ್ರಬಡ್ಡಿ ಬೆಳೆದ ಹಾಗೆ. ಪಾಟ್‌ನಷ್ಟೇ ಬೆಟ್ ಹಾಕಿ ಎದುರಾಳಿ ಕಾಲ್ ಮಾಡಿದರೆ (ತಾನೂ ಅಷ್ಟೇ ಹಾಕಿದರೆ) ಪಾಟ್ ಮೂರು ಪಟ್ಟಾಗುತ್ತದೆ. ಹಾಗೆ ಒಂದು ಸಲ ಹಾಕಿದರೆ ನಿಮ್ಮ ಕೈಯಿಂದ ಹೋಗೋದು ಮೊದಲ ಪಾಟ್‌ನ ಒಂದು ಪಟ್ಟು, ಎರಡು ಸಲಕ್ಕೆ ಒಟ್ಟು 4, ಮೂರು ಸಲಕ್ಕೆ 13, ನಾಲ್ಕು ಸಲಕ್ಕೆ 40. ಈ 1, 4, 13, 40 ಬಾಯಿಪಾಠ ಇದ್ದರೆ ಅರ್ಧ ಕೆಲಸ ಆದಂತೆ. ಅರ್ಧ ಪಾಟ್ ಆದರೆ? ಮೂರು ಸುತ್ತು ಹಾಕಿದರೂ ಒಟ್ಟು ಮೂರೂವರೆ ಪಟ್ಟು ಮಾತ್ರ. ಬೆಟ್ ದುಪ್ಪಟ್ಟು ಮಾಡಿದರೆ ಕೊನೆಗೆ ಒಳಗೆ ಹೋಗುವ ದುಡ್ಡು ಹೆಚ್ಚುಕಮ್ಮಿ ನಾಲ್ಕು ಪಟ್ಟು. ಇದು ಗೊತ್ತಿಲ್ಲದೆ ಫ್ಲಾಪ್‌ನಲ್ಲಿ 'ಸ್ವಲ್ಪ ಜಾಸ್ತಿ ಹಾಕೋಣ' ಅನ್ನುವವರೇ ರಿವರ್‌ನಲ್ಲಿ ಬೆವರುವುದು.

ನನ್ನ ಪಕ್ಕದಲ್ಲೇ ನಡೆದ ಒಂದು ಕೈ ಹೇಳುತ್ತೇನೆ, ಲೆಕ್ಕ ಅದರಲ್ಲೇ ಕಾಣುತ್ತದೆ. ಬ್ಲೈಂಡ್ 100-200, ಇಬ್ಬರ ಹತ್ತಿರವೂ ಒಂದೊಂದು ಲಕ್ಷ. ಹುಬ್ಬಳ್ಳಿ ಕಡೆಯ ಒಬ್ಬ ಸಾವ್ಕಾರ್ರು ಎಕ್ಕದ ಜೋಡಿ ಹಿಡಿದು 1,000ಕ್ಕೆ ರೈಸ್ ಮಾಡಿದರು, ಅಂದರೆ ಬೆಟ್ ಏರಿಸಿದರು. ಡೀಲರ್ ಬಟನ್ (ಕೊನೆಗೆ ಮಾತಾಡುವ ಸೀಟು) ಮೇಲಿದ್ದ ಪುಣೆಯ ಹುಡುಗ ಕಾಲ್. ಉಳಿದವರೆಲ್ಲ ಎಲೆ ಎಸೆದು ಫೋಲ್ಡ್. ಪಾಟ್ 2,300. ಇಬ್ಬರ ಹಿಂದೆಯೂ ಅದರ 43 ಪಟ್ಟು ದುಡ್ಡು. ಫ್ಲಾಪ್‌ನಲ್ಲಿ ರಾಜ, ಒಂಬತ್ತು, ಆರು ಬಿತ್ತು. ಸಾವ್ಕಾರ್ರು ಪೂರ್ತಿ ಪಾಟ್ ಹಾಕಿದರು, ಕಾಲ್. ಟರ್ನ್‌ನಲ್ಲಿ ಎರಡು. ಮತ್ತೆ ಪಾಟ್, 6,900. ಕಾಲ್. ರಿವರ್‌ನಲ್ಲಿ ಮೂರು. ಮತ್ತೆ ಪಾಟ್, 20,700. ಹುಡುಗ ಒಂದು ಗುಟುಕು ನೀರು ಕುಡಿದು ಆಲ್ ಇನ್ (ಉಳಿದದ್ದೆಲ್ಲ ಒಳಗೆ) ಅಂದ. ಕಾಲ್ ಮಾಡಲು ಸಾವ್ಕಾರ್ರು ಇನ್ನೂ 69,100 ಹಾಕಬೇಕು. ಸಾವ್ಕಾರ್ರು ಚಿಪ್ಸ್ ಎರಡು ಸಲ ಎಣಿಸಿದರು, ಮೂರನೇ ಸಲ ಎಣಿಸದೆ ತಳ್ಳಿಬಿಟ್ಟರು. ಹುಡುಗನ ಕೈಯಲ್ಲಿ ಆರರ ಜೋಡಿ, ಫ್ಲಾಪ್‌ನದೂ ಸೇರಿ ಮೂರು ಆರು, ಅಂದರೆ ಸೆಟ್.

"ಒಂದ ಜೋಡಿ ಮ್ಯಾಲ ಲಕ್ಷ ಹಾಕಿದ್ರಲ್ರೀ ಸಾವ್ಕಾರ್ರ" ಅಂದೆ. "ಎಕ್ಕ ಜೋಡಿ ಬಂದಿತ್ತೋ ತಮ್ಮಾ, ಹೆಂಗ ಬಿಡೂದು?" ಅಂದರು.

ನನ್ನ ಪ್ರಕಾರ ರಿವರ್ ಕಾಲ್‌ಗಿಂತ ಮುಂಚೆಯೇ ಕೆಲಸ ಕೆಟ್ಟಿತ್ತು. ಇದೇ ಕೈಯಲ್ಲಿ ಇಬ್ಬರ ಹತ್ತಿರ ಇಪ್ಪತ್ತು ಸಾವಿರ ಮಾತ್ರ ಇದ್ದಿದ್ದರೆ ಹಿಂದೆ ಉಳಿಯೋದು ಪಾಟ್‌ನ ಎಂಟು ಪಟ್ಟು ಚಿಲ್ಲರೆ. ಅಲ್ಲಿ ಎಕ್ಕದ ಜೋಡಿ ಹಿಡಿದು ದುಡ್ಡೆಲ್ಲ ಒಳಗೆ ಹಾಕಿದರೆ ಯಾರೂ ತಪ್ಪು ಅನ್ನುವುದಿಲ್ಲ. 43 ಪಟ್ಟು ಇರುವಾಗ ಒಂದೇ ಜೋಡಿ ಹಿಡಿದು ಮೂರು ಸುತ್ತು ಪೂರ್ತಿ ಪಾಟ್ ಹಾಕಿದರೆ, ಮೂರನೆಯದಕ್ಕೂ ಕಾಲ್ ಮಾಡುವವನ ಹತ್ತಿರ ಇನ್ನೇನು ಇರುತ್ತದೆ ಹೇಳಿ? ಸೋಲುವ ಕೈಗಳೆಲ್ಲ ಓಡಿಹೋಗಿರುತ್ತವೆ, ಗೆಲ್ಲುವ ಕೈ ಮಾತ್ರ ಉಳಿದಿರುತ್ತದೆ. ಅರ್ಧ ಪಾಟ್ ಹಾಕಿಕೊಂಡು ಬಂದಿದ್ದರೆ ಮೂರು ಸುತ್ತಿಗೆ ಒಟ್ಟು 8,050 ಹೋಗುತ್ತಿತ್ತು, 29,900 ಅಲ್ಲ. ನಡುವೆ ಒಂದು ಸುತ್ತು ಏನೂ ಹಾಕದೆ ಚೆಕ್ ಮಾಡಿದ್ದರೆ ಇನ್ನೂ ಕಡಿಮೆ. ನೋಡಿ, ಇಲ್ಲಿ ಅರ್ಧ ಪಾಟ್ ಸರಿ ಅಂತ ನಾನೇ ಹೇಳುತ್ತಿದ್ದೇನೆ. ನನ್ನ ತಕರಾರು ಅರ್ಧ ಪಾಟ್ ಮೇಲೆ ಅಲ್ಲ, ಯಾವ ಕೈ ಬಂದರೂ ಅದನ್ನೇ ಹಾಕುವುದರ ಮೇಲೆ.

ಈಗ ಹುಡುಗನ ಕಡೆಯಿಂದ ನೋಡಿ. ಅವನಿಗೆ ಸೆಟ್ ಬಿದ್ದಿದೆ, ಆ ಲಕ್ಷ ಪೂರ್ತಿ ಬೇಕು. ಮೂರು ಪಾಟ್ ಬೆಟ್ ಹಾಕಿದರೂ 13 ಪಟ್ಟೇ. 43 ಮುಟ್ಟಬೇಕಾದರೆ ಎಲ್ಲೋ ಒಂದು ಕಡೆ ರೈಸ್ ಬೇಕೇ ಬೇಕು. ಇಲ್ಲವಾದರೆ ಪ್ರತಿ ಸುತ್ತಿಗೂ ಪಾಟ್‌ನ 1.7 ಪಟ್ಟು ಬೆಟ್ ಹಾಕಬೇಕು. ನೋ-ಲಿಮಿಟ್‌ನಲ್ಲಿ ಅದಕ್ಕೆ ಅಡ್ಡಿ ಏನೂ ಇಲ್ಲ, ಆದರೂ ನಮ್ಮವರು ಪಾಟ್‌ಗಿಂತ ಜಾಸ್ತಿ ಹಾಕೋಕೆ ಯಾಕೋ ನಾಚಿಕೊಳ್ಳುತ್ತಾರೆ. 'ಹೆದರಿ ಓಡಿಹೋಗ್ತಾನೆ' ಅನ್ನುವ ಭಯ. ಎಕ್ಕದ ಜೋಡಿ ಹಿಡಿದವನು ಎಲ್ಲಿಗೂ ಓಡುವುದಿಲ್ಲ, ಮೇಲೆ ನೋಡಿದಿರಲ್ಲ.

ಫ್ಲಾಪ್‌ಗೆ ಮುಂಚಿನ ದೊಡ್ಡ ರೈಸ್ ಇನ್ನೊಂದು ಕಥೆ. ಕೆಲವರು ಒಳ್ಳೆ ಕೈ ಬಂದಾಗ ಮಾತ್ರ 3,000ಕ್ಕೆ ರೈಸ್ ಮಾಡುತ್ತಾರೆ. ಮೂರು ಜನ ಕಾಲ್ ಮಾಡಿದರೆ ಪಾಟ್ 12,300, ಹಿಂದೆ ಉಳಿಯೋದು ಎಂಟು ಪಟ್ಟು. ಲೆಕ್ಕ ಚೆನ್ನಾಗಿಯೇ ಇದೆ, ಆದರೆ ಕೈಯಲ್ಲಿ ಏನಿದೆ ಅಂತ ಡಂಗುರ ಸಾರಿದ ಹಾಗಾಯಿತು. ಸಣ್ಣ ಜೋಡಿ ಹಿಡಿದವನಿಗೆ ಫ್ಲಾಪ್‌ನಲ್ಲಿ ಸೆಟ್ ಬೀಳುವುದು ಸುಮಾರು ಶೇಕಡಾ 12 ಸಲ. 3,000 ಕೊಟ್ಟು 97,000ಕ್ಕೆ ಗಾಳ ಹಾಕಲು ಅಷ್ಟು ಧಾರಾಳವಾಗಿ ಸಾಕು. ದೊಡ್ಡ ರೈಸ್ ಮಾಡುವುದಾದರೆ ಎಲ್ಲ ಕೈಗೂ ಮಾಡಿ. ಸ್ಟ್ರಾಡಲ್ (ಎಲೆ ನೋಡುವ ಮುಂಚೆಯೇ ಬ್ಲೈಂಡ್‌ನ ದುಪ್ಪಟ್ಟು) ಹಾಕುವ ಮಹಾನುಭಾವರು ಇದನ್ನು ಗೊತ್ತಿಲ್ಲದೆಯೇ ಮಾಡುತ್ತಾರೆ, ಬ್ಲೈಂಡ್ ದುಪ್ಪಟ್ಟಾಗಿ ಐನೂರರ ಆಟ ಇನ್ನೂರೈವತ್ತಕ್ಕೆ ಇಳಿಯುತ್ತದೆ.

ಪಾಟ್-ಲಿಮಿಟ್ ಒಮಾಹಾ ಟೇಬಲ್‌ನಲ್ಲಂತೂ 'ಪಾಟ್, ಪಾಟ್' ಅನ್ನುವುದು ಒಂದು ರೋಗ. ಅಲ್ಲಿ ಪಾಟ್‌ಗಿಂತ ಜಾಸ್ತಿ ಹಾಕುವಂತಿಲ್ಲ, ಅಂದರೆ ಕಾಲ್ ಮಾಡಿದ ಮೇಲೆ ಪಾಟ್ ಎಷ್ಟಾಗುತ್ತದೋ ಅಷ್ಟೇ ರೈಸ್. ಪಾಟ್ 2,000 ಇದ್ದು ಒಬ್ಬ 1,000 ಹಾಕಿದರೆ ನೀವು ಒಟ್ಟು 5,000ದವರೆಗೆ ಹೋಗಬಹುದು. ಮಿತಿ ಇದೆಯಲ್ಲ ಅಂತ ಜನ ಹಾಯಾಗಿ ಕೂರುತ್ತಾರೆ, 13 ಪಟ್ಟು ಅಲ್ಲೂ ಅದೇ 13 ಪಟ್ಟು. ಮೇಲಾಗಿ ನಾಲ್ಕು ಎಲೆಯ ಆಟದಲ್ಲಿ ಎಕ್ಕದ ಜೋಡಿಗೆ ಎರಡು ಎಲೆಯ ಹೋಲ್ಡೆಮ್‌ನಲ್ಲಿರುವ ಬೆಲೆ ಇಲ್ಲ, ಇಪ್ಪತ್ತು ಎಲೆಗಳಲ್ಲಿ ಯಾವುದು ಬಂದರೂ ಸ್ಟ್ರೈಟ್ (ಸಾಲಾಗಿ ಐದು ಎಲೆ) ಆಗುವಂಥ ಡ್ರಾ ಎದುರಿಗೆ ಇರಬಹುದು. ಹಾಗಾಗಿ ಡೀಪ್ ಇರುವಾಗ ನನಗೆ ಫ್ಲಾಪ್‌ಗೆ ಮುಂಚೆ ಸಣ್ಣ ಪಾಟ್ ಇಷ್ಟ, ಅದರಲ್ಲೂ ಮೊದಲು ಮಾತಾಡಬೇಕಾದ ಸೀಟಿನಲ್ಲಿ ಕೂತಿದ್ದರೆ.

ಆದರೆ ಟರ್ನ್‌ನಲ್ಲಿ ಪೂರ್ತಿ ಪಾಟ್ ಹಾಕುವ ಜಾಗವೂ ಒಂದಿದೆ. ಬೋರ್ಡ್‌ನಲ್ಲಿ ಮೂರು ಆಠೀನ್, ನಿಮ್ಮ ಹತ್ತಿರ ಆಠೀನ್ ಎಕ್ಕ ಮಾತ್ರ ಇದೆ, ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗಿಲ್ಲ. ಅಂದರೆ ಎಲ್ಲಕ್ಕಿಂತ ದೊಡ್ಡ ಫ್ಲಶ್ ಬೇರೆ ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ, ನಿಮ್ಮ ಹತ್ತಿರ ಇದೆ ಅಂತ ನಂಬಿಸಬಹುದು. ಪಾಟ್ 20,000 ಇದೆ, ನೀವೂ ಅಷ್ಟೇ ಹಾಕಿದಿರಿ ಅನ್ನಿ. ರಾಜನ ಫ್ಲಶ್ ಹಿಡಿದವನಿಗೆ ಈ 20,000 ಕಾಲ್ ಮಾಡೋದು ಕಷ್ಟ ಅಲ್ಲ, ರಿವರ್‌ನಲ್ಲಿ 60,000 ಬರುತ್ತದಲ್ಲ, ಅದು ಕಷ್ಟ. ಹಿಂದೆ ಅಷ್ಟು ದುಡ್ಡು ಇದ್ದಾಗ ಮಾತ್ರ ಈ ಆಟ ನಡೆಯುತ್ತದೆ. ಅರ್ಧ ಪಾಟ್ ಹಾಕಿ ನೋಡಿ, ಮಾತಾಡಿಕೊಂಡೇ ಕಾಲ್ ಮಾಡಿಬಿಡುತ್ತಾನೆ.