ಸ್ಪಷ್ಟನೆ: ಜಿಪಿಎಲ್ ಕೋಡ್ ಬಳಸಿದರೆ ದುಡ್ಡು ಕೇಳುವಂತಿಲ್ಲ ಎಂಬುದು ಸುಳ್ಳು

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಜಿಪಿಎಲ್ ಕೋಡ್ ಸೇರಿಸಿದ ತಂತ್ರಾಂಶ ಮಾರುವಂತಿಲ್ಲ, ನಿಮ್ಮ ಕೋಡನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಲೇಬೇಕು. ಎಂಐಟಿ ಲೈಸೆನ್ಸಿಗೆ ಯಾವ ಷರತ್ತೂ ಇಲ್ಲ." ಜಿಪಿಎಲ್, ಎಂಐಟಿ ಎರಡೂ ಬೇರೆಯವರು ಬರೆದ ಕೋಡನ್ನು ಯಾವ ಷರತ್ತಿನ ಮೇಲೆ ಬಳಸಬಹುದು, ಹಂಚಬಹುದು ಎಂದು ಹೇಳುವ ಮುಕ್ತ ತಂತ್ರಾಂಶ ಲೈಸೆನ್ಸುಗಳು. ಸಂದೇಶದ ಮೂರು ಮಾತೂ ತಪ್ಪು.

ಮಾರಬಹುದು, ಬೆಲೆ ನಿಮ್ಮಿಷ್ಟ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರಿಗೆ ತೂಕ, ದರ, ಬಿಲ್ಲು ನೋಡಿಕೊಳ್ಳುವ ತಂತ್ರಾಂಶವನ್ನು ಜಿಪಿಎಲ್ ಕೋಡಿನ ಮೇಲೆ ಕಟ್ಟಿ ಮಾರಿದಿರಿ ಎನ್ನಿ. ಆ ವರ್ತಕರಿಗೆ ಮೂಲ ಕೋಡೂ, ಅಂದರೆ ಓದಿ ತಿದ್ದಬಹುದಾದ ರೂಪದ ಪ್ರೋಗ್ರಾಮೂ, ಸಿಗಬೇಕು, ಅದೂ ಜಿಪಿಎಲ್ ಅಡಿಯಲ್ಲೇ. ನಾಳೆ ನೀವು ಫೋನ್ ಎತ್ತದಿದ್ದರೆ ಅವರು ಇನ್ನೊಬ್ಬರ ಕೈಲಿ ಸರಿಮಾಡಿಸಿಕೊಳ್ಳಬಹುದು, ಬೇಕಾದರೆ ಪಕ್ಕದ ಮಂಡಿಯವರಿಗೂ ಕೊಡಬಹುದು. ಕಾಪಿಲೆಫ್ಟ್, ಅಂದರೆ ತಾನು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡಬೇಕೆಂಬ ಜಿಪಿಎಲ್ ಷರತ್ತು, ಇರುವುದೇ ಇದಕ್ಕೆ. ಇಂಥದ್ದನ್ನು ಗುಮ್ಮನಂತೆ ತೋರಿಸುತ್ತಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಕೋಡನ್ನೆಲ್ಲ ಎಲ್ಲರಿಗೂ ತೆರೆದಿಡಲೇಬೇಕು ಎಂಬುದೂ ಸರಿಯಲ್ಲ. ತಿದ್ದಿದ ಕೋಡನ್ನು ನಿಮ್ಮಲ್ಲೇ ಇಟ್ಟುಕೊಂಡು ಬಳಸಿದರೆ ಯಾರಿಗೂ ಕೊಡಬೇಕಿಲ್ಲ. ಹೊಣೆ ಹುಟ್ಟುವುದು ಹಂಚಿದಾಗ. ಜಿಪಿಎಲ್ಲಿನ ಸೋದರ ಲೈಸೆನ್ಸಾದ ಎಜಿಪಿಎಲ್ಲಿನ 2007ರ ಮೂರನೇ ಆವೃತ್ತಿ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ: ತಿದ್ದಿದ ತಂತ್ರಾಂಶವನ್ನು ಸರ್ವರಿನಲ್ಲಿಟ್ಟು ನೆಟ್‌ವರ್ಕ್ ಮೂಲಕ ಬಳಸಲು ಬಿಟ್ಟರೂ ಬಳಸುವವರಿಗೆ ಮೂಲ ಕೋಡ್ ಸಿಗಬೇಕು.

ಇನ್ನು ಎಂಐಟಿ. ಕೋಡನ್ನು ಮುಚ್ಚಿಟ್ಟು ಮಾರಲು ಅಡ್ಡಿಯಿಲ್ಲ, ನಿಜ. ಆದರೆ ಹಕ್ಕುಸ್ವಾಮ್ಯದ ಸಾಲು, ಲೈಸೆನ್ಸಿನ ಪಠ್ಯ ಎರಡೂ ಜೊತೆಗೇ ಹೋಗಬೇಕು. ಮೊನ್ನೆ ಒಬ್ಬ ಹುಡುಗನ ಪ್ರಾಜೆಕ್ಟ್ ತೆರೆದೆ. ಫೈಲಿನ ತಲೆಯಲ್ಲಿದ್ದ "ಕಾಪಿರೈಟ್" ಸಾಲಿನಲ್ಲಿ ಮೂಲ ಬರಹಗಾರನ ಹೆಸರು ಅಳಿಸಿ ತನ್ನದನ್ನು ಬರೆದಿದ್ದ. ಹಾಗೇ ಹಂಚಿದ್ದರೆ ಆ ಒಂದು ಸಾಲೇ ಷರತ್ತಿನ ಉಲ್ಲಂಘನೆ. ಕೂತು ಹಳೆಯ ಹೆಸರನ್ನು ಮೇಲೆ ಹಾಕಿಸಿದೆ, ಅವನದು ಅದರ ಕೆಳಗೆ ಬಂತು.